ಕುತ್ತಿಗೆಗೆ ಅಂಟಿಸಿದ ಕಾಗದ

"ಓದಿದಿರಾ ಅಪ್ಪ?"

ಕಲಾವಿದನ ಕೈಯಲ್ಲಿದ್ದ ಇದ್ದಿಲು ತಟಕ್ಕನೆ ನಿಂತಿತು. ಫೋನಿನಲ್ಲಿ ಮಗಳದು ಪಿಸುದನಿ. ಅವನು ಓದಿರಲಿಲ್ಲ. ಅವಳು ಬರೆದ ಕಾಗದವೇನೋ ಎದುರಿಗೇ ಇತ್ತು: ಕ್ಯಾನ್ವಾಸಿನಲ್ಲಿ ಬಾಯಿ ತೆರೆದು ನಿಂತ ಹೆಂಗಸಿನ ಕುತ್ತಿಗೆಯಲ್ಲಿ, ಅಂಟು, ಮಸಿ, ಬಣ್ಣಗಳ ಕೆಳಗೆ.

ಹಳೆಯ ಕಾಗದ ಹರಿದು ಅಂಟಿಸಿ, ಅದರ ಮೇಲೆ ಮನುಷ್ಯರನ್ನು ಬಿಡಿಸುವುದು ಅವನ ಕ್ರಮ. ಮಗಳದು ಹಳೆಯದಲ್ಲ, ಮೊನ್ನೆ ಬಂದದ್ದು. ಅವಳ ಅಕ್ಷರದ ಬಾಗು ಕುತ್ತಿಗೆಗೆ ಹೇಳಿ ಮಾಡಿಸಿದ ಹಾಗಿತ್ತು. ನಾವು ಕ್ಷೇಮ, ನೀವು ಕ್ಷೇಮವೇ ಎನ್ನುವುದು ಬಿಟ್ಟು ಇನ್ನೇನು ಬರೆದಾಳು ಎಂದುಕೊಂಡು ಹರಿದುಬಿಟ್ಟಿದ್ದ.

"ಓದಿದೆ" ಎಂದ.

"ಮತ್ತೆ?"

ನಿಜ ಹೇಳಲು ನಾಲಿಗೆ ಏಳಲಿಲ್ಲ. "ನೀನೇ ತಿಳಿದವಳು. ನಿನಗೆ ಸರಿ ಕಂಡ ಹಾಗೆ ಮಾಡಮ್ಮ."

ಆ ಕಡೆ ನಲ್ಲಿ ಸುರಿಯುವ ಸದ್ದು. ಗಂಡನಿಗೆ ಕೇಳಿಸದಿರಲೆಂದು ಬಚ್ಚಲಿನಿಂದ ಮಾತಾಡುತ್ತಿದ್ದಳೇನೋ.

"ಅಷ್ಟೇನಾ?"

"ಇನ್ನೇನು ಹೇಳಲಿ?"

"ಆಯ್ತಪ್ಪ. ಇನ್ನು ಬರೆಯಲ್ಲ."

ಫೋನ್ ಕಟ್ಟಾಯಿತು. ಊರವರ ಸಂಕಟವನ್ನೆಲ್ಲ ಗೋಡೆಯಗಲ ಬಿಡಿಸುವ ಮಹಾಶಯನಿಗೆ ಮಗಳ ಮುಂದೆ ಹುಟ್ಟಿದ್ದು ಇಷ್ಟೇ ಮಾತು.

ಒದ್ದೆ ಬಟ್ಟೆಯನ್ನು ಚಿತ್ರದ ಕುತ್ತಿಗೆಗೆ ಒತ್ತಿ ಹಿಡಿದ. ಬ್ಲೇಡಿನಿಂದ ಕೆರೆದ. ಬಣ್ಣ ಸಿಪ್ಪೆಯೆದ್ದು ಬಂತು, ಜೊತೆಗೆ ಮುಕ್ಕಾಲು ಕಾಗದವೂ. ಉಳಿದದ್ದು ಒಂದೇ ಸಾಲು: 'ಬಾ ಅಂತ ಒಂದು ಮಾತು ಹೇಳಿ ಸಾಕು, ಉಟ್ಟ ಬಟ್ಟೆಯಲ್ಲೇ ಬಂದುಬಿಡುತ್ತೇನೆ.'

ಮತ್ತೆ ಫೋನ್ ಮಾಡಿದ. ಎತ್ತಿದವನು ಅಳಿಯ.

"ಅವಳು ಮಲಗಿದ್ದಾಳೆ ಮಾವ. ಏನಾದ್ರೂ ಹೇಳ್ಬೇಕಿತ್ತಾ?"

ಅಳಿಯನ ದನಿ ತೀರಾ ಮೃದುವಾಗಿತ್ತು. ಅದಕ್ಕೇ ಕಲಾವಿದನಿಗೆ ಹೆದರಿಕೆಯಾಯಿತು.

"ಏನಿಲ್ಲ. ಸುಮ್ನೆ ಮಾಡ್ದೆ."

ಮಧ್ಯಾಹ್ನ ಚಿತ್ರಪ್ರದರ್ಶನ ನಡೆಸುವವನು ಚಿತ್ರಗಳನ್ನು ಒಯ್ಯಲು ವ್ಯಾನು ತಂದ.

"ಇದನ್ನ ಕೊಡಲ್ಲ. ಕೆಟ್ಟುಹೋಗಿದೆ" ಎಂದ ಕಲಾವಿದ.

"ಒಳ್ಳೇ ಚೆನ್ನಾಗಿದೆ ಸಾರ್! ಈ ಹರಿದ ಕುತ್ತಿಗೆ ಮುಂದೆ ನಿಮ್ಮ ಉಳಿದದ್ದೆಲ್ಲ ಸಪ್ಪೆ. ದಯವಿಟ್ಟು ಮುಟ್ಟಬೇಡಿ." ಬಗ್ಗಿ ಓದಿದ. "ಅಬ್ಬಾ! ಈ ಸಾಲು ನೀವೇ ಬರೆದದ್ದಾ?"

"ಹೂಂ."

ಬಾಯಿತಪ್ಪಿ ಬಂದದ್ದಲ್ಲ. ಹೊಗಳಿಕೆಗೆ ಒಳಗೊಳಗೇ ಖುಷಿಯಾಗಿತ್ತು. ಥೂ, ನಾನೂ ಒಬ್ಬ ಅಪ್ಪನೇ ಎನ್ನಿಸುವ ಹೊತ್ತಿಗೆ ಚಿತ್ರ ಪ್ಲಾಸ್ಟಿಕ್ ಹೊದ್ದು ವ್ಯಾನಿನ ನೆತ್ತಿ ಏರಿತ್ತು.

ಅವನು ಬೀದಿಗೆ ಓಡಿ, ನಿಲ್ಲಿಸಿ ಎಂದು ಕೈಬೀಸಿದ. ಡ್ರೈವರು ನಗುತ್ತ ತಾನೂ ಕೈಬೀಸಿದ. ವ್ಯಾನು ತಿರುವು ದಾಟುವವರೆಗೂ ಕಾಣುತ್ತಿತ್ತು: ಗಾಳಿಗೆ ಪ್ಲಾಸ್ಟಿಕ್ ಹಾಳೆ ಆ ಹೆಂಗಸಿನ ತೆರೆದ ಬಾಯಿಗೆ ಅಂಟಿಕೊಳ್ಳುತ್ತಿತ್ತು, ಉಬ್ಬುತ್ತಿತ್ತು, ಮತ್ತೆ ಒಳಕ್ಕೆ ಅಂಟಿಕೊಳ್ಳುತ್ತಿತ್ತು.