ಮೇಣದ ಮೇಲಿನ ಎಂಟು ಗೆರೆ

"ಗರಗಸ ಎಲ್ಲಿಟ್ಟಿದೀರಿ?" ಎಂದು ಹೆಂಡತಿ ಷೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ್ದು ಇದು ಮೂರನೆಯ ಸಲ.

"ಇಲ್ಲೇ ಇದೆ ಕಣೇ, ಎಲ್ಲೂ ಓಡಿಹೋಗಲ್ಲ."

"ಗರಗಸ ಓಡಲ್ಲ, ನೀವು ಕೊಟ್ಟ ಮಾತು ಓಡತ್ತೆ. ಸಂಜೆಯೊಳಗೆ ಆ ಬೋರ್ಡು ಎರಡು ತುಂಡಾಗ್ಬೇಕು. ಅವಳು ಇನ್ನು ನೀರಿಗಿಳಿಯಲ್ಲ. ನಿನ್ನೆ ಹೂಂ ಅಂದ್ರಿ ತಾನೆ?"

"ಹೂಂ ಅಂದೆ. ಈಗಲೂ ಹೂಂ."

ಹೂಂ ಅಂದದ್ದೇನೋ ನಿಜ. ನಿನ್ನೆ ಬೆಳಿಗ್ಗೆ ಮಗಳು ಒದ್ದೆ ಬಟ್ಟೆಯಲ್ಲಿ, ಮುರಿದ ಸರ್ಫಿಂಗ್ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಗೇಟು ತೆಗೆದಾಗ ಅವನ ಜೀವವೂ ಬಾಯಿಗೆ ಬಂದಿತ್ತು. ಅಂಥ ಹೊತ್ತಿನಲ್ಲಿ ಹೆಂಡತಿ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದ. ಈಗ ಆ ಬೋರ್ಡು ಎರಡು ಮರದ ಸ್ಟ್ಯಾಂಡುಗಳ ಮೇಲೆ ಕವುಚಿ ಮಲಗಿತ್ತು. ಅದರ ಮೂತಿಯಲ್ಲಿ, ಬಿಸ್ಕತ್ತು ಕಚ್ಚಿಟ್ಟ ಹಾಗೆ, ಅರ್ಧ ಚಂದ್ರದ ಆಕಾರದ ಒಂದು ದೊಡ್ಡ ತುಂಡೇ ಇರಲಿಲ್ಲ.

ಮಗಳ ಹೆಸರು ಏನೇ ಇರಲಿ, ಮನೆಯಲ್ಲಿ, ಕಡಲ ದಂಡೆಯಲ್ಲಿ, ಎಲ್ಲ ಕಡೆ ಅವಳು ಮಿಡತೆ. ಕಡ್ಡಿಯಂಥ ಕಾಲು, ಬೋರ್ಡಿನ ಮೇಲೆ ಚಂಗನೆ ಎದ್ದು ನಿಲ್ಲುವ ರೀತಿ ಎರಡಕ್ಕೂ ಸೇರಿ ಬಂದ ಹೆಸರು. ಇಪ್ಪತ್ತಮೂರರ ಹುಡುಗಿ, ಹೊಸಬರಿಗೆ ಸರ್ಫಿಂಗ್ ಕಲಿಸುತ್ತಾಳೆ. ನಿನ್ನೆ ಅವಳು ಹೇಳಿದ ಕಥೆ ಇಷ್ಟೇ: "ಬೋರ್ಡಿನ ಮೇಲೆ ಮಲಗಿ ಅಲೆ ಕಾಯ್ತಿದ್ದೆ. ಶಾರ್ಕ್ ಬಂತು, ಮೂತಿ ಕಚ್ಚಿತು, ರುಚಿ ಹಿಡಿಸಲಿಲ್ಲ ಅನ್ಸತ್ತೆ, ಹೋಯ್ತು."

"ಅಷ್ಟೇನಾ?"

"ಅಷ್ಟೇ ಅಪ್ಪಾ. ಅದೃಷ್ಟ."

ಇವತ್ತು ಬೆಳಗಿನಿಂದ ಷೆಡ್ಡಿಗೆ ಜನವೋ ಜನ. ಬೋರ್ಡನ್ನು ಮುಟ್ಟಿ ನೋಡುವವರು, ಹಲ್ಲಿನ ಗುರುತಿಗೆ ಬೆರಳಿಟ್ಟು ಬೆಚ್ಚುವವರು. "ಬೇರೆ ಯಾರದಾದ್ರೂ ಕೈಕೆಲಸ ಆಗಿದ್ರೆ ಬೋರ್ಡೂ ಇಲ್ಲ, ಹುಡುಗೀನೂ ಇಲ್ಲ" ಎಂದು ದಂಡೆಯ ಕಾವಲಿನವನು ಹೇಳಿದ ಮೇಲಂತೂ ಅಪ್ಪನ ಕೈ ಮೀಸೆ ಬಿಟ್ಟು ಇಳಿದಿರಲಿಲ್ಲ. ಆ ಬೋರ್ಡನ್ನು ಮಾಡಿದವನು ಅವನೇ. ಫೈಬರ್ ಬಟ್ಟೆಯನ್ನು ಎರಡು ಪದರ ಹಾಕಿದ್ದ. "ಇದೇನಪ್ಪಾ, ಬೋರ್ಡಾ ಬಾಗಿಲಾ?" ಎಂದು ಮಗಳು ಆಗ ಗೊಣಗಿದ್ದಳು. ಆ ಮಾತನ್ನೂ ಅವನು ಬಂದವರಿಗೆಲ್ಲ ಬಿಡದೆ ಹೇಳಿದ.

ಬಂದವರಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರೇ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ, ಹೆಂಡತಿಯ ಬೈಗುಳಕ್ಕೂ ಬಗ್ಗದೆ ಮಿಡತೆಯ ಹತ್ತಿರ ಪಾಠಕ್ಕೆ ಸೇರಿ ಮೂರು ವಾರವಾಗಿತ್ತು. ಬಂದರು, ಅಪ್ಪನ ಎರಡೂ ಕೈ ಹಿಡಿದುಕೊಂಡರು, ತಮ್ಮ ಒದ್ದೆ ಕಣ್ಣಿಗೊತ್ತಿಕೊಂಡು, ಹಾಗೇ ಹೊರಟುಹೋದರು. ವಯಸ್ಸಾಯಿತು ಪಾಪ, ಬೇಗ ಕಣ್ಣು ತುಂಬುತ್ತದೆ ಎಂದು ಅಪ್ಪ ಅಂದುಕೊಂಡಿದ್ದ.

ಜನ ಕರಗಿದ ಮೇಲೆ ಗರಗಸ ಕೈಗೆತ್ತಿಕೊಂಡ. ಆದರೆ ಮೂವತ್ತು ವರ್ಷ ಬೋರ್ಡು ರಿಪೇರಿ ಮಾಡಿದ ಚಾಳಿ ಎಲ್ಲಿ ಬಿಡುತ್ತದೆ? ಯಾವ ಬೋರ್ಡೇ ಬರಲಿ, ಮೊದಲು ಅದನ್ನು ಹಿಂದೆ ಮುಂದೆ ತಿರುಗಿಸಿ ಓದಬೇಕು, ಆಮೇಲೆ ಕೈ ಹಾಕಬೇಕು. "ಸುಮ್ನೆ ಕೈ ತಪ್ಪಿ ಬಿತ್ತು" ಎಂದು ಗಿರಾಕಿ ಹೇಳಿದರೆ, ಬಿರುಕನ್ನೊಮ್ಮೆ ನೋಡಿ, "ಸ್ಕೂಟರ್ ಮೇಲೆ ಅಡ್ಡ ಇಟ್ಕೊಂಡು ಹೋಗಿ ಕಂಬಕ್ಕೆ ಗುದ್ದಿದೀಯ" ಎನ್ನುತ್ತಿದ್ದ. ಗಿರಾಕಿ ತಲೆ ಕೆರೆದುಕೊಳ್ಳುತ್ತಿದ್ದ.

ಬೋರ್ಡನ್ನು ಮಗುಚಿದ. ಕಾಲು ಜಾರದಿರಲೆಂದು ಮೇಲೆಲ್ಲ ಮೇಣ ತಿಕ್ಕಿತ್ತು. ಅವಳು ಎದೆಯೂರಿ ಮಲಗುವ ಕಡೆ ಹೊಸ ಮೇಣ ಒಂಚೂರೂ ಅಲುಗಿರಲಿಲ್ಲ. ಹಾಗಾದರೆ ಅವಳು ಮಲಗಿರಲೇ ಇಲ್ಲ, ಪಾಠ ಹೇಳುವಾಗಿನಂತೆ ನೀರಲ್ಲಿ ಬೋರ್ಡಿನ ಪಕ್ಕ ನಿಂತಿದ್ದಳು. ಬಾಲದ ಹತ್ತಿರ, ಈ ಅಂಚಿನಲ್ಲಿ ನಾಲ್ಕು, ಆ ಅಂಚಿನಲ್ಲಿ ನಾಲ್ಕು, ಮೇಣದೊಳಕ್ಕೆ ಆಳವಾಗಿ ಉಗುರು ನಾಟಿ ಎಳೆದ ಗೆರೆಗಳು. ಬಾಲವನ್ನು ಎರಡೂ ಕೈಯಲ್ಲಿ ಹಿಡಿದು ಮೂತಿಯನ್ನು ಮುಂದಕ್ಕೆ ತಳ್ಳಿದವರು ಮಾತ್ರ ಅಲ್ಲಿ ಉಗುರು ಊರುತ್ತಾರೆ. ಪಕ್ಕದ ಅಂಚಿನಲ್ಲಿ ಗೇಣುದ್ದ ಹಳದಿ ಬಣ್ಣ ಮೆತ್ತಿತ್ತು. ಹಳದಿ ಬೋರ್ಡು ಕಲಿಯುವವರದು. ನಿನ್ನೆ ಬೆಳಿಗ್ಗೆ ಪಾಠಕ್ಕೆ ಇದ್ದದ್ದು ಪೋಸ್ಟ್‌ಮ್ಯಾನ್ ಒಬ್ಬರೇ.

ಅವನು ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ರೆಸಿನ್ ಅಂಟಿನ ಡಬ್ಬದ ಮೇಲೆ ಕುಳಿತ. ಬೆಳಗಿನಿಂದ ಮೀಸೆ ತಿರುವಿದ್ದು ನೆನೆದು ನಾಚಿಕೆಯಾಯಿತು. ಎರಡು ಪದರವಂತೆ, ಕೈಕೆಲಸವಂತೆ! ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಮಗಳ ಮೇಲೆ ಹೆಮ್ಮೆ ಉಕ್ಕಿ ಬಂತು.

"ಮಿಡತೇ, ಬಾ ಇಲ್ಲಿ" ಎಂದು ಕೂಗಿದ.

ಅವಳು ಬಂದು ಬೋರ್ಡಿನ ಮೇಣದ ಕಡೆ ಮೇಲಾಗಿರುವುದನ್ನು ನೋಡಿದಳು. ಅಪ್ಪ ಓದಿಬಿಟ್ಟಿದ್ದಾನೆ ಎಂದು ಗೊತ್ತಾಯಿತು.

"ಅಮ್ಮನಿಗೆ ಹೇಳ್ಬೇಡ" ಎಂದಳು ಮೆಲ್ಲಗೆ. "ಅವರೂ ಅವರ ಮನೇಲಿ ಹೇಳಿಲ್ಲ. ನಾವಿಬ್ರೂ ಮಾತಾಡ್ಕೊಂಡಿದೀವಿ."

"ಏನು ಹೇಳ್ಬಾರ್ದು ಅಮ್ಮನಿಗೆ?"

ಅಮ್ಮ ಬಾಗಿಲಲ್ಲೇ ಇದ್ದಳು. ಗರಗಸದ ಸದ್ದು ಇನ್ನೂ ಯಾಕೆ ಬರಲಿಲ್ಲ ಎಂದು ನೋಡಲು ನಾಲ್ಕನೆಯ ಸಲ ಬಂದಿದ್ದಳು. ಅಪ್ಪ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಗಿರಾಕಿಗಳ ಮಾನವನ್ನೇ ಯಾವತ್ತೂ ಉಳಿಸದವನು ಇವತ್ತು ಹೇಗೆ ಮುಚ್ಚಿಟ್ಟಾನು? ಹೆಂಡತಿಯ ಕೈ ಹಿಡಿದು, ಅವಳ ನಾಲ್ಕು ಬೆರಳನ್ನು ಆ ನಾಲ್ಕು ಗೆರೆಗಳಲ್ಲಿ ಇಟ್ಟ.

"ಇವಳು ಅದೃಷ್ಟದಿಂದ ಪಾರಾದೋಳಲ್ಲ ಕಣೇ. ಶಾರ್ಕಿಗೆ ಎದುರು ಹೋಗಿದಾಳೆ. ಪೋಸ್ಟ್‌ಮ್ಯಾನ್ ಅವರನ್ನ ಬೆನ್ನ ಹಿಂದೆ ಹಾಕ್ಕೊಂಡು, ಈ ಬೋರ್ಡನ್ನ ಅದರ ಬಾಯಿಗೆ ತುರುಕಿದಾಳೆ."

ಅಮ್ಮ ಬೆರಳು ತೆಗೆಯಲಿಲ್ಲ. ಗೆರೆ ಎಲ್ಲಿಂದ ಎಲ್ಲಿವರೆಗೆ ಎಂದು ಎಳೆದು ನೋಡಿದಳು. ಆಮೇಲೆ ಕೇಳಿದಳು, "ಬಿಟ್ಟು ಬರಬಹುದಿತ್ತಲ್ಲೇ?"

"ಬರಬಹುದಿತ್ತು."

"ಮತ್ತೆ?"

"ಬೋರ್ಡು ತಿರುಗಿಸೋದು ಅವರಿಗೆ ಇನ್ನೂ ಹೇಳ್ಕೊಟ್ಟಿರ್ಲಿಲ್ಲಮ್ಮಾ. ಅದು ಮುಂದಿನ ಪಾಠ. ಕಾಲು ಇಳಿಬಿಟ್ಕೊಂಡು ಸುಮ್ನೆ ಕೂತಿದ್ರು. ನಾನೇ ಕೂರಿಸಿದ್ದು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅಮ್ಮ ಬೆರಳನ್ನು ಗೆರೆಯಿಂದ ತೆಗೆದಳು. ಅಳುತ್ತಾಳೆ, ಇಲ್ಲ ಬೈಯುತ್ತಾಳೆ, ಎರಡರಲ್ಲಿ ಒಂದು ಖಂಡಿತ ಎಂದು ಅಪ್ಪ ಕಾದ.

"ಕೈ ತೋರ್ಸು" ಎಂದಳು.

ಮಿಡತೆ ಎರಡೂ ಕೈ ಮುಂದೆ ಚಾಚಿದಳು. ಮೂರು ಉಗುರು ಬುಡದವರೆಗೆ ಸೀಳಿದ್ದವು. ಉಳಿದವುಗಳ ಸಂದಿಯಲ್ಲಿ ಮೇಣ ಇನ್ನೂ ಹಾಗೇ ಇತ್ತು.

"ಪಾಠ ಹೇಳೋಳು ಇಷ್ಟುದ್ದ ಉಗುರು ಬಿಡ್ತಾಳೇನೇ?" ಎಂದು ಗದರಿಸಿ ಅಮ್ಮ ಒಳಗೆ ಹೋದಳು. ನೇಲ್‌ಕಟರ್ ತಂದು, ಗಂಡನನ್ನು ಡಬ್ಬದ ಮೇಲಿಂದ ಎಬ್ಬಿಸಿ ತಾನು ಕುಳಿತು, ಮಗಳ ಕೈಯನ್ನು ಮಡಿಲಿಗೆಳೆದುಕೊಂಡು ಕಿರುಬೆರಳಿನಿಂದ ಶುರುಮಾಡಿದಳು.

ಅಪ್ಪ ಗರಗಸವನ್ನು ಗೋಡೆಗೆ ತೂಗುಹಾಕಿದ. ಹಳೆಯ ರಟ್ಟೊಂದನ್ನು ಹುಡುಕಿ, ಬೋರ್ಡಿನ ಮೂತಿಗೆ ಹಿಡಿದು, ಇಲ್ಲದ ಭಾಗದ ಅಳತೆಗೆ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದ.