ಕಡೀ ತಾರೀಖಿಲ್ಲದ ಯೋಜನಾ

"ಆಧಾರ್ ಝೆರಾಕ್ಸ್ ಎರಡು ಅದಾವ. ರೇಶನ್ ಕಾರ್ಡ್ ಅದ. ಕೂಸಿನ ಫೋಟೋ ಒಂದು ಇಲ್ರಿ. ಗಾಜಿನ ಪೆಟಗ್ಯಾಗ ಮಲಗ್ಯಾದ, ಹ್ಯಾಂಗ ತೆಗೀಲಿ?" ಎನ್ನುತ್ತ ನೀಲಗಂಗಾ ತನ್ನ ಪ್ಲಾಸ್ಟಿಕ್ ಫೈಲನ್ನು ಸಿಸ್ಟರ್ ನಂದಾಳ ಮೇಜಿನ ಮೇಲೆ ಬಿಚ್ಚಿಟ್ಟಳು.

ನಂದಾ ತಲೆಯೆತ್ತಿ ನೋಡಿದಳು. "ಇವೆಲ್ಲಾ ಯಾತಕ್ಕ ಮಾವಶಿ?"

"ನೀವ ನಿನ್ನಿ ಹೇಳಿದ್ರೆಲ್ಲ, ದೇವರ ಯೋಜನಾ ಅಂತ. ಅದರಾಗ ನಮ್ಮ ಕೂಸೂ ಅದ ಅಂದ್ರಿ. ಫಾರ್ಮ್ ಎಲ್ಲಿ ಸಿಗತಾವ? ಕಡೀ ತಾರೀಖು ಯಾವಾಗ?"

ನಂದಾ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ಎದುರಿನ ಮುಖ ನೋಡಿದ ಮೇಲೆ ತಾನಾಗಿಯೇ ನಿಂತಿತು.

ನೀಲಗಂಗಾ ದಡ್ಡಿಯೇನಲ್ಲ. ವಾಗದರಿಯಲ್ಲಿ ಇಪ್ಪತ್ತು ಎಕರೆ ತೊಗರಿ, ಜೋಳದ ಒಕ್ಕಲುತನ ನೋಡಿಕೊಳ್ಳುವವಳು. ಸರ್ಕಾರ ಹೆಣ್ಣುಮಕ್ಕಳಿಗೆಂದು ಯಾವ ಯೋಜನೆ ತಂದರೂ ಅರ್ಧ ಊರಿನ ಹೆಂಗಸರ ಫಾರ್ಮು ತುಂಬಿಸುವವಳು ಅವಳೇ. ಒಂದು ಸಹಿ ತಪ್ಪಿದರೆ ಅಕ್ಕಲಕೋಟೆಯ ಕಚೇರಿಯವರೆಗೂ ಹೋಗಿ ಜಗಳವಾಡಿ ಬರುತ್ತಾಳೆ. ಯೋಜನಾ ಎಂದರೆ ಅವಳ ಪಾಲಿಗೆ ಒಂದೇ ಅರ್ಥ, ಮತ್ತು ಆ ಅರ್ಥದಲ್ಲಿ ಅವಳನ್ನು ಸೋಲಿಸುವವರು ಯಾರೂ ಇರಲಿಲ್ಲ.

ಆದರೆ ಈ ಸಲ ಆಸ್ಪತ್ರೆಯಲ್ಲಿ ಅವಳ ಯಾವ ಜೋರೂ ನಡೆದಿರಲಿಲ್ಲ. ಮಗಳು ಶುಭಾಂಗಿಗೆ ಏಳು ತಿಂಗಳು ತುಂಬುವ ಹೊತ್ತಿಗೇ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಒಂದು ಕಿಲೋಕ್ಕಿಂತ ಚೂರು ಹೆಚ್ಚು. ಸೋಲಾಪುರದ ಆ ಸಣ್ಣ ಮಿಷನ್ ಆಸ್ಪತ್ರೆಯ ಪಡಸಾಲೆಯಲ್ಲಿ ಅವಳು ಒಂದು ವಾರದಿಂದ ಕುಳಿತಿದ್ದಳು. ನವೆಂಬರ್ ಕೊನೆಯ ಭಾನುವಾರ ಅಲ್ಲಿಯ ಪ್ರಾರ್ಥನಾ ಕೋಣೆಯಿಂದ ಹೊರಬಂದ ನಂದಾ ಅವಳ ಭುಜ ಮುಟ್ಟಿ, "ದೇವರದೊಂದು ಯೋಜನಾ ಇರ್ತದ ಮಾವಶಿ. ಅದರಾಗ ಈ ಕೂಸೂ ಅದ. ಭರವಸಾ ಇಡ್ರಿ" ಎಂದು ಹೇಳಿಹೋಗಿದ್ದಳು. ಮುಳುಗುವವಳ ಕೈಗೆ ಹಗ್ಗ ಸಿಕ್ಕಂತಾಗಿತ್ತು. ರಾತ್ರಿಯೆಲ್ಲ ಕಾಗದ ಜೋಡಿಸಿದ್ದಳು.

"ಫಾರ್ಮ್ ಇಲ್ರಿ," ನಂದಾ ಮೆಲ್ಲಗೆ ಹೇಳಿದಳು. "ತಾರೀಖೂ ಇಲ್ಲ. ಅವನ ಮನಸ್ಸಿನಾಗ ಇರ್ತದ, ಅಷ್ಟ."

"ಮತ್ತ ಮಂಜೂರ ಆತೋ ಇಲ್ಲೋ ಹ್ಯಾಂಗ ಗೊತ್ತಾಗೂದು?"

"ಮುಂಚೆ ಗೊತ್ತಾಗಂಗಿಲ್ರಿ."

"ಶಾಣ್ಯಾ ಇದ್ದೀರಿ ಬಿಡ್ರಿ! ಇಂಥಾ ಯೋಜನಾಕ್ಕ ನಮ್ಮೂರಾಗ ಒಬ್ಬಾಕಿನೂ ಸಹಿ ಮಾಡಂಗಿಲ್ಲ." ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟುಹೋದಳು. ನಾಚಿಕೆ, ಸಿಟ್ಟು ಎರಡೂ ಬಂದಿದ್ದವು. ಎರಡು ದಿನ ನಂದಾಳ ಜೊತೆ ಮಾತಿಲ್ಲ.

ಎಷ್ಟು ದಿನ ಅಂತ ಸುಮ್ಮನಿರುತ್ತಾಳೆ? ಮುಂದಿನ ಭಾನುವಾರ ಪ್ರಾರ್ಥನಾ ಕೋಣೆಗೆ ಇಣುಕಿದಾಗ ಎಲೆಗಳ ಸಿಂಬಿಯೊಳಗೆ ನಾಲ್ಕು ಮೇಣಬತ್ತಿ ನಿಲ್ಲಿಸಿದ್ದು ಕಂಡಿತು. ಉರಿಯುತ್ತಿದ್ದದ್ದು ಎರಡೇ.

"ಉಳಿದ ಎರಡು ಯಾರ ಮನಿಗೆ ಇಟ್ಟೀರಿ?"

"ಕ್ರಿಸ್‌ಮಸ್ ಮುಂಚಿನ ನಾಕು ವಾರ ನಮಗ ಕಾಯೂದ ಕೆಲಸರಿ ಮಾವಶಿ. ವಾರಕ್ಕೊಂದ ಹಚ್ಚತೀವಿ."

"ಕಾಯೂದೂ ಒಂದು ಕೆಲಸೇನ?"

"ನೀವ ಹೇಳ್ರಿ," ಎಂದಳು ನಂದಾ. "ಹದಿನೈದು ದಿನ ಆತು, ಮಾಡಾಕತ್ತೀರಿ."

ನೀಲಗಂಗಾ ಕಾಯುತ್ತಿದ್ದದ್ದು ನಿಜ, ಆದರೆ ಬೆನ್ನು ತಿರುಗಿಸಿ ಕಾಯುತ್ತಿದ್ದಳು. ಶುಭಾಂಗಿ ಹಿಂಡಿಕೊಟ್ಟ ಹಾಲಿನ ಬಟ್ಟಲನ್ನು ದಿನಕ್ಕೆ ಎಂಟು ಸಲ ಕೂಸುಗಳ ಕೋಣೆಯ ಗಾಜಿನ ಬಾಗಿಲಿಗೆ ಮುಟ್ಟಿಸುವುದು, ಒಳಗೆ ನೋಡದೆ ತಿರುಗಿ ಬರುವುದು. ಇಷ್ಟು ದಿನಕ್ಕೆ ಒಮ್ಮೆಯೂ ಮೊಮ್ಮಗಳ ಮುಖ ನೋಡಿರಲಿಲ್ಲ.

ಮಂಗಳವಾರ ಡಾಕ್ಟರ್ ಬಾಯಿಯವರು ಹೊಸ ಮಾತು ಹೇಳಿದರು. ಕೂಸು ನಾಲ್ಕು ದಿನದಿಂದ ತೂಕ ಹಿಡಿಯುತ್ತಿಲ್ಲ, ಯಾರಾದರೂ ಮನೆಯವರು ಬರಿ ಎದೆಯ ಮೇಲೆ ಹಾಕಿಕೊಂಡು ಕೂಡಬೇಕು, ಮೈಯ ಬಿಸಿ ಅದಕ್ಕೆ ಔಷಧ. ಶುಭಾಂಗಿಗೆ ಹೊಲಿಗೆ ಕೀವಾಗಿ ಜ್ವರ ಬಿಟ್ಟಿರಲಿಲ್ಲ. ಅಳಿಯ ಶೈಲೇಶನಿಗೆ ಕೆಮ್ಮು.

"ಅಜ್ಜಿ ಎದಿನೂ ನಡೀತದರಿ," ಎಂದಳು ನಂದಾ.

"ಒಲ್ಲೆ."

"ಮಾವಶಿ..."

"ಒಲ್ಲೆ ಅಂದ್ರ ಒಲ್ಲೆ! ಬ್ಯಾರೆ ಯಾರನ್ನರೆ ನೋಡ್ರಿ." ಇಷ್ಟು ವರ್ಷ ಯಾರಿಗೂ ಹೇಳದ್ದು ಆ ಪಡಸಾಲೆಯಲ್ಲಿ ನಿಂತೇ ಬಾಯಿಗೆ ಬಂತು. "ಶುಭಾಂಗಿಕಿಂತ ಮೊದಲ ನನಗೂ ಒಂದು ಏಳ ತಿಂಗಳದ್ದು ಹುಟ್ಟಿತ್ತು. ಎದಿಗೆ ಹಚ್ಚಿಕೊಂಡ ಕುಂತಿದ್ದೆ, ಒಂದ ಗಳಿಗಿ ಇಳಿಸಿದ್ದಿಲ್ಲ. ಅಲ್ಲೇ ತಣ್ಣಗಾತು. ನನ್ನ ಎದಿ ಛಲೋದಲ್ಲ ಸಿಸ್ಟರ್."

ಈ ಸಲ ನಂದಾ ದೇವರ ಮಾತು ಎತ್ತಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂಡಿಸಿ, ನೀರು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಎಷ್ಟ ದಿನ ಇತ್ತರಿ ಅದು?"

"ಮೂರು."

"ಎಲ್ಲಿ, ದವಾಖಾನಿಯೊಳಗ?"

"ಎಲ್ಲೀ ದವಾಖಾನಿ! ಮನ್ಯಾಗ."

"ಪೆಟಗಿ ಇಲ್ಲ, ಆಕ್ಸಿಜನ್ ಇಲ್ಲ. ಅಂಥಾ ಕೂಸು ಮೂರು ದಿನ ಯಾತರ ಮ್ಯಾಲ ಬದುಕಿತ್ತರಿ ಮಾವಶಿ?"

ನೀಲಗಂಗಾ ನೀರಿನ ಲೋಟ ಹಿಡಿದೇ ಕುಳಿತಳು. ಮೂವತ್ತು ವರ್ಷ ಅವಳು ಆ ಕೊನೆಯ ಗಳಿಗೆಯನ್ನು ಮಾತ್ರ ನೆನೆಸಿದ್ದಳು. ಅದರ ಹಿಂದಿನ ಮೂರು ದಿನಗಳ ಬಗ್ಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

"ಈಕಿ ಉಳೀತಾಳಂತ ನಿಮ್ಮ ದೇವರ ಯೋಜನಾದಾಗ ಬರದದೇನ?" ಕೊನೆಗೆ ಕೇಳಿದಳು.

"ಸುಳ್ಳ ಹೇಳಂಗಿಲ್ಲ. ನನಗ ಗೊತ್ತಿಲ್ರಿ. ಗೊತ್ತಿದ್ರ ನಾ ಯಾಕ ಭರವಸಾ ಇಡಬೇಕಿತ್ತು?"

ಒಳಗೆ ಕರೆದೊಯ್ದು ಮೊಣಕೈವರೆಗೆ ಕೈ ತೊಳೆಸಿದರು. ಕುಬ್ಬಸದ ಗುಂಡಿ ಬಿಚ್ಚಿಸಿ ಮೇಲೊಂದು ಗೌನು ಹೊದಿಸಿದರು. ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು.

"ಇದು ತಣ್ಣಗದ, ಕೂಸಿಗೆ ತಾಕತದರಿ," ಎಂದಳು ನಂದಾ.

"ಇದನ್ನ ತೆಗಿಯಂಗಿಲ್ಲ."

ನಂದಾ ಒತ್ತಾಯಿಸಲಿಲ್ಲ. ನೀಲಗಂಗಾ ತಾನೇ ಸ್ವಲ್ಪ ಯೋಚಿಸಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ದಾರ ಸರಿಸಿ ಬೆನ್ನ ಮೇಲೆ ಬಿಟ್ಟುಕೊಂಡಳು. "ಒಂದ ತಾಸು ಬೆನ್ನ ಕಾಯಪಾ ಶಿವನ," ಎಂದಳು.

ಕೂಸನ್ನು ತಂದು ಎದೆಗೆ ಒರಗಿಸಿದರು. ಒಂದು ಸೇರು ಜೋಳದಷ್ಟು ಭಾರ, ಅದರ ಮೇಲೊಂದು ಉಣ್ಣೆ ಟೊಪ್ಪಿಗೆ. ನೀಲಗಂಗಾ ಕುರ್ಚಿಯ ತುದಿಯಲ್ಲಿ ಉಸಿರು ಬಿಗಿಹಿಡಿದು ಕುಳಿತಳು. ಎಲ್ಲಿ ತಣ್ಣಗಾಗುತ್ತದೋ ಎಂದು ಮತ್ತೆ ಮತ್ತೆ ಬೆನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಮತ್ತೆ ನೋಡಿದಳು. ಬೆಚ್ಚಗೇ ಇತ್ತು. ಆಮೇಲೆ ಧೈರ್ಯ ಮಾಡಿ ತಲೆ ಬಾಗಿಸಿ ಮುಖ ನೋಡಿದಳು. ಹುಬ್ಬು ಗಂಟಿಕ್ಕಿ ಮಲಗಿತ್ತು, ಯಾರ ಮೇಲೋ ತಕರಾರು ಇದ್ದವರ ಹಾಗೆ. "ಅಯ್ಯ ಶಿವನ, ನನ್ನ ಮಾರಿನ ತಂದಾಳ," ಎಂದು ಅಳುತ್ತ ನಕ್ಕಳು.

ತಾಸು ಮುಗಿದ ಮೇಲೆ ನಂದಾ ಬಂದು ಎರಡೂ ಕೈಯಿಂದ ಕೂಸನ್ನು ಎತ್ತಿದಳು. ಎದೆಯಿಂದ ನಾಲ್ಕು ಬೆರಳು ಮೇಲೆ ಬಂದಿತ್ತೋ ಇಲ್ಲವೋ, ಅದು ಬಾಯಿ ತೆರೆಯಿತು. ಇಷ್ಟು ದಿನ ಪೆಟ್ಟಿಗೆಯೊಳಗೆ ಕುಂಯ್ ಎಂದು ಸುಮ್ಮನಾಗುತ್ತಿದ್ದ ಕೂಸು ಈಗ ಅತ್ತ ರಭಸಕ್ಕೆ ಆಚೆ ತುದಿಯಲ್ಲಿದ್ದ ಡಾಕ್ಟರ್ ಬಾಯಿ ಕೂಡ ತಿರುಗಿ ನೋಡಿದರು.

"ಏ ಸಿಸ್ಟರ್, ಇಳಸ್ರಿ, ಇಳಸ್ರಿ!" ನೀಲಗಂಗಾ ಎರಡೂ ಕೈ ಚಾಚಿದಳು. "ಹ್ಯಾಂಗ ಬೈಯಾಕತ್ಯಾಳ ನೋಡ್ರಿ ನಿಮಗ!"

ನಂದಾ ಕೂಸನ್ನು ಮತ್ತೆ ಎದೆಗೆ ಒರಗಿಸಿದಳು. ಅಳು ನಿಂತಿತು. ನೀಲಗಂಗಾ ಸೆರಗು ಎಳೆದು ಮುಚ್ಚಿದಳು, ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಒರಗಿ ಕುಳಿತಳು.