ನಮ್ಮೂರ ತಂಡಕ್ಕೆ ಯಜಮಾನರು ಯಾರು?

ರಾವಂದೂರಿನ ಬಸ್ ನಿಲ್ದಾಣದ ಎದುರಿಗೆ ಶಿವನಂಜಪ್ಪನ ಬಟ್ಟೆ ಅಂಗಡಿ. 2004ರ ಬೇಸಿಗೆಯಲ್ಲಿ ಅಲ್ಲಿಗೆ ಬಟ್ಟೆ ಕೊಳ್ಳಲು ಬಂದವರಿಗಿಂತ ಸುದ್ದಿ ಕೇಳಲು ಬಂದವರೇ ಹೆಚ್ಚು. ಊರಿನ ಫುಟ್‌ಬಾಲ್ ತಂಡ ಲೀಗಿನ ಮೇಲಿನ ದರ್ಜೆಗೆ ಏರಿತ್ತು. ಆಟಗಾರರಿಗೆ ಇನ್ನು ಮುಂದೆ ಸಂಬಳವೂ ಉಂಟು. ಗೋಲ್‌ಕೀಪರ್ ಬೇರೆ ಯಾರೂ ಅಲ್ಲ, ಶಿವನಂಜಪ್ಪನ ಮಗ ಮಲ್ಲೇಶ್. ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ದಿನ ಮಲ್ಲೇಶ್ ಬಾಡಿದ ಮುಖ ಹೊತ್ತು ಅಂಗಡಿಗೆ ಬಂದ.

"ಅಪ್ಪಾ, ನಂಜುಂಡಸ್ವಾಮ್ಯೋರು ತಂಡಾನ ಮೈಸೂರಿನ ಯಾವ್ದೋ ಕಂಪನಿಗೆ ಮಾರ್ಬುಡ್ತಾರಂತೆ. ಎಸ್ರೂ ಬೇರೆ, ಅಂಗೀನೂ ಬೇರೆ. ಇನ್ಮೇಲೆ ನಮ್ಮೂರಲ್ಲಿ ಒಂದ್ ಮ್ಯಾಚೂ ಇಲ್ವಂತೆ."

ತಂಬಾಕು ವ್ಯಾಪಾರಿ ನಂಜುಂಡಸ್ವಾಮಿಯವರು ಮೊದಲಿನಿಂದಲೂ ತಂಡವನ್ನು ಸಾಕಿದವರು. ಬೂಟು, ಬಸ್ ಖರ್ಚು, ಊಟ, ಎಲ್ಲವೂ ಅವರದೇ. ಲೀಗಿನಲ್ಲಿ ತಂಡ ಇದ್ದದ್ದೂ ಅವರೊಬ್ಬರ ಹೆಸರಿನಲ್ಲೇ. ಶಿವನಂಜಪ್ಪ ಮಡಚುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟ. ಆದರೂ ಹೇಳಿದ, "ಸಾಕ್ದೋರು ಅವ್ರು. ಮಾರೋ ಅಕ್ಕೂ ಅವ್ರದ್ದೇ. ನಾವ್ಯಾಕೆ ಬಾಯ್ ಆಕ್ಬೇಕು?"

ಸಂಜೆ ಅವನ ಮನೆಗೆ ಪಕ್ಕದ ಮನೆಯ ಉಷಾರಾಣಿ ಬಂದಳು. ಊರಿನ ಮಹಿಳಾ ಹಾಲಿನ ಸಂಘಕ್ಕೆ ಅವಳೇ ಕಾರ್ಯದರ್ಶಿ. ಅದಕ್ಕೂ ಮೊದಲೇ ನಂಜುಂಡಸ್ವಾಮಿಯವರನ್ನು ಕಂಡು ಮಾತಾಡಿ ಬಂದಿದ್ದಳು.

"ಅಣ್ಣಾ, ಅವ್ರಿಗೂ ಒಬ್ರೇ ಎಳ್ದೂ ಎಳ್ದೂ ಸಾಕಾಗೈತೆ. ಭಾನುವಾರದೊಳಗೆ ಊರೋರು ಸೇರಿ ಸಂಘ ಮಾಡ್ಕೊಂಡ್ರೆ ತಂಡ ನಿಮ್ಗೇ ಬುಡ್ತೀನಿ ಅಂದ್ರು. ಎಲ್ರೂ ಷೇರು ತಗೊಳ್ಳಾನ. ತಂಡಕ್ಕೆ ನಾವೇ ಯಜಮಾನ್ರಾಗಾನ."

ಶಿವನಂಜಪ್ಪ ನಕ್ಕುಬಿಟ್ಟ. "ಊರೋರೆಲ್ಲ ಯಜಮಾನ್ರಾದ್ರೆ ಜಗಳ ನಡೀತದೆ, ಆಟ ನಡೆಯಲ್ಲ ಕಣಮ್ಮ. ಗೋಲ್‌ಗೆ ಯಾರ್ ನಿಲ್ಬೇಕು ಅಂತ್ಲೂ ಓಟ್ ಆಕ್ಕೊಂಡ್ ಕೂತ್ಕೋತೀರಾ?"

"ಇಲ್ಲಣ್ಣಾ. ಯಾರ್ ಆಡ್ಬೇಕು ಅನ್ನೋದು ಕೋಚ್ ಕೆಲ್ಸ. ಕೋಚ್ ಯಾರು, ದುಡ್ ಎಲ್ಲೋಯ್ತು ಅಂತ ನೋಡೋದು ಸಮಿತಿ ಕೆಲ್ಸ. ಆ ಸಮಿತಿ ನೆಟ್ಟಗೈತಾ ಅಂತ ಕೇಳೋದು ನಮ್ಮೆಲ್ರ ಕೆಲ್ಸ."

"ಕೊನೇಗೆ ಜಾಸ್ತಿ ದುಡ್ ಆಕ್ದೋನ್ ಏಳ್ದಂಗೇ ನಡ್ಯೋದು ಬುಡು."

ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಪುಟ್ಟಮಲ್ಲಮ್ಮ ಒಳಗಿನಿಂದಲೇ ಅಂದಳು. "ಅಂಗೇನಿಲ್ಲ ಕಣ್ರೀ. ನಮ್ಮ ಹಾಲಿನ ಸಂಘದಲ್ಲಿ ಮನೇಲಿ ಎಷ್ಟ್ ದನ ಇದ್ರೂ ಒಬ್ಬೊಬ್ರಿಗೆ ಒಂದೊಂದೇ ಓಟು. ಲೆಕ್ಕ ಸರಿಯಾಗಿ ಒಪ್ಪಿಸ್ಲಿಲ್ಲ ಅಂತ ಓದ್ಸಲ ಅಧ್ಯಕ್ಷೆಯನ್ನೇ ಇಳಿಸ್ಲಿಲ್ವಾ ನಾವು?"

ಆ ಗಲಾಟೆ ಶಿವನಂಜಪ್ಪನಿಗೂ ಗೊತ್ತಿತ್ತು. ಆಮೇಲೆ ಹಾಲಿನ ದುಡ್ಡು ತಪ್ಪದೆ ಬರತೊಡಗಿದ್ದೂ ಗೊತ್ತಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟ.

ಭಾನುವಾರ ಶಾಲೆಯ ಮೈದಾನದಲ್ಲಿ ಸಭೆ. ಜನ ಕಾಂಪೌಂಡಿನ ಮೇಲೂ ಹತ್ತಿ ಕೂತಿದ್ದರು. ನಂಜುಂಡಸ್ವಾಮಿಯವರು ಎದ್ದು ನಿಂತರು.

"ಆಯ್ತು, ತಂಡ ಊರಿಗೇ ಇರ್ಲಿ. ಎಲ್ರಿಗಿಂತ ಜಾಸ್ತಿ ಷೇರು ನಾನೇ ತಗೋತೀನಿ. ಆದ್ರೆ ಓಟೂ ಅಷ್ಟೇ ಜಾಸ್ತಿ ಇರ್ಬೇಕು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ಎದುರು ಮಾತಾಡಿದವರು ಊರಲ್ಲಿ ಯಾರೂ ಇರಲಿಲ್ಲ. ಯಾವಾಗ ಎದ್ದು ನಿಂತೆ ಎಂಬುದು ಶಿವನಂಜಪ್ಪನಿಗೇ ತಿಳಿಯಲಿಲ್ಲ.

"ಸ್ವಾಮ್ಯೋರೇ, ನಿಮ್ ಉಪಕಾರ ಮರೆಯೋರಲ್ಲ ನಾವು. ಆದ್ರೆ ನಿಮ್ ಕೈಲೇ ಓಟೆಲ್ಲ ಇದ್ರೆ ನಾಳೆ ನೀವೊಬ್ರೇ ಮಾರ್ಬೋದು. ನಿಮ್ಮ ಮಕ್ಳೂ ಮಾರ್ಬೋದು. ಆಮೇಲೆ ನಾವ್ ಸೇರಿ ಏನ್ ಬಂತು? ಒಬ್ರಿಗೆ ಒಂದೇ ಓಟಿರ್ಲಿ. ತಂಡದ ಎಸ್ರು, ಅಂಗಿ ಬಣ್ಣ, ಆಡೋ ಜಾಗ ಇವನ್ನ ಎಲ್ರನ್ನೂ ಕೇಳ್ದೆ ಯಾರೂ ಬದಲಾಯಿಸ್ಬಾರ್ದು."

ನಂಜುಂಡಸ್ವಾಮಿಯವರು ಹೆಗಲ ಮೇಲಿನ ಟವೆಲ್ ಕೊಡವಿದರು. ಹೊರಟೇ ಹೋಗುತ್ತಾರೆ ಎಂದುಕೊಂಡಿತು ಸಭೆ. ಅವರು ಮಲ್ಲೇಶನ ಕಡೆ, ಅವನ ಜೊತೆಗಾರರ ಕಡೆ ನೋಡಿದರು.

"ನಾನಿಲ್ದಾಗ್ಲೂ ತಂಡ ಇರ್ಬೇಕಲ್ಲ. ಬರ್ಕೊಳ್ಳಮ್ಮ ಉಷಾರಾಣಿ, ನಂದೂ ಒಂದೇ ಓಟು," ಅಂದು ಚಾಪೆಯ ಮೇಲೆ ಕೂತರು.

ಮೈದಾನಕ್ಕೆ ಮೈದಾನವೇ ಕೂಗಿತು. ಕೈ ಎತ್ತಿಸಿ ಸಮಿತಿ ಆರಿಸಿದರು. ಅದರಲ್ಲಿ ಶಿವನಂಜಪ್ಪನ ಹೆಸರೂ ಬಂತು. ಖುಷಿಯಲ್ಲಿ ಅವನು ಎರಡೂ ಕೈ ಎತ್ತಿ, "ಈ ವರ್ಸದ ಅಂಗಿ ಬಟ್ಟೆ ಎಲ್ಲಾ ನಮ್ ಅಂಗಡೀದೇ," ಎಂದ.

ಹೆಂಗಸರ ಸಾಲಿನಿಂದ ಪುಟ್ಟಮಲ್ಲಮ್ಮ ಎದ್ದಳು. "ಅದಾಗಲ್ಲ ಕಣ್ರೀ. ಕೊಳ್ಳೋರೂ ನೀವೇ, ಮಾರೋರೂ ನೀವೇ ಆದ್ರೆ ರೇಟ್ ಕೇಳೋರ್ಯಾರು? ಸಮಿತೀಲಿರಿ, ಇಲ್ದಿದ್ರೆ ಅಂಗಿ ಬಟ್ಟೆ ಮಾರಿ. ಎರಡೂ ಬ್ಯಾಡ."

ಜನ ಬಿದ್ದು ಬಿದ್ದು ನಕ್ಕರು. ಶಿವನಂಜಪ್ಪನ ಕಿವಿ ಬಿಸಿಯಾಯಿತು. ಒಂದು ಗಳಿಗೆ ಸಿಟ್ಟೇ ಬಂತು. ಆದರೆ ಈಗ ತಾನೇ ನಂಜುಂಡಸ್ವಾಮಿಯವರಿಗೆ ಹೇಳಿದ್ದು ತನಗೂ ಸಲ್ಲಬೇಕಲ್ಲ?

"ಬಟ್ಟೆ ಬೇರೆ ಕಡೆ ತಗೊಳ್ಳಿ. ನಾನ್ ಸಮಿತೀಲಿರ್ತೀನಿ," ಎಂದ. ಸಮಿತಿಯಲ್ಲಿರುವವರು ತಂಡಕ್ಕೆ ಏನನ್ನೂ ಮಾರಬಾರದು ಎಂದು ಉಷಾರಾಣಿ ಸಂಘದ ನಿಯಮಾವಳಿಯಾದ ಬೈಲಾದಲ್ಲೇ ಸೇರಿಸಿದಳು.

ಮನೆಯ ದಾರಿಯಲ್ಲಿ ಅವನು ಗೊಣಗಿದ. "ಮನೇಲೇ ಏಳ್ಬೋದಿತ್ತಲ್ಲ."

"ಮನೇಲ್ ಏಳಿದ್ರೆ ಊರಿಗೆ ಎಂಗ್ ಗೊತ್ತಾಗ್ತಿತ್ತು?" ಅಂದಳು. ಅವನಿಗೂ ನಗು ತಡೆಯಲಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಹುಣಸೂರಿನ ತಂಡದ ಜೊತೆ ಊರಲ್ಲೇ ಮೊದಲ ಪಂದ್ಯ. ಕೃಷ್ಣರಾಜನಗರದ ಅಂಗಡಿಯಿಂದ ತಂದ ಬಟ್ಟೆಯಲ್ಲಿ ಹೊಲಿಸಿದ ಹಳದಿ ಅಂಗಿ ತೊಟ್ಟು ಹುಡುಗರು ಮೈದಾನಕ್ಕಿಳಿದರು. ಹಿಂದೆಂದೂ ಆಟ ನೋಡದ, ಈಗ ತಾನೂ ಒಂದು ಷೇರು ಕೊಂಡಿದ್ದ ಊರಿನ ಮುದುಕಿ ಚಿಕ್ಕಸಿದ್ದಮ್ಮ ಎಲೆ ಅಡಿಕೆ ಚೀಲ ಸಮೇತ ಬಂದು ಶಿವನಂಜಪ್ಪನ ಪಕ್ಕ ಕೂತು, "ನನ್ ತಂಡ ಯಾವ್ ಕಡೀಕ್ ಆಡ್ತೈತಪ್ಪಾ?" ಎಂದು ಕೇಳಿದಳು. ನಂಜುಂಡಸ್ವಾಮಿಯವರೂ ಎಲ್ಲರ ಜೊತೆ ಮಣ್ಣಿನ ಮೇಲೆ ಕೂತಿದ್ದರು. ಒಂದು ಗೋಲು ಹೊಡೆದು ನಮ್ಮವರು ಮುಂದಿದ್ದರು. ಆಟ ಮುಗಿಯುವ ಹೊತ್ತಿಗೆ ಹುಣಸೂರಿನವರಿಗೆ ಪೆನಾಲ್ಟಿ ಸಿಕ್ಕಿತು. ಶಿವನಂಜಪ್ಪ ಕಣ್ಣು ಮುಚ್ಚಿಕೊಂಡ. ಮುಂದೆ ಕೇಳಿಸಿದ್ದು ಊರಿಗೆ ಊರೇ ಹಾಕಿದ ಕೂಗು. ಕಣ್ಣು ಬಿಟ್ಟರೆ ಮಲ್ಲೇಶ್ ಚೆಂಡನ್ನು ಎದೆಗವಚಿ ನೆಲದಲ್ಲಿ ಮಲಗಿದ್ದ. ಚಿಕ್ಕಸಿದ್ದಮ್ಮ ಎದ್ದು ನಿಂತು ಕುಣಿಯುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಒಂದು ತಂಡ ಇರಬಹುದು. ಅದು ಯಾರ ಹೆಸರಿನಲ್ಲಿದೆ ಎಂದು ಇವತ್ತೇ ಕೇಳಿ. ನಿಮ್ಮ ಕೈಲಾದಷ್ಟು ಷೇರು ತೆಗೆದುಕೊಂಡು ಸದಸ್ಯರಾಗಿ. ಒಬ್ಬರಿಗೆ ಒಂದೇ ಓಟು ಎಂದು ಬೈಲಾದಲ್ಲಿ ಬರೆಸಿ. ವರ್ಷದ ಸಭೆಗೆ ತಪ್ಪದೆ ಹೋಗಿ, ಲೆಕ್ಕ ಓದಿಸಿ, ಅರ್ಥವಾಗದಿದ್ದರೆ ಮತ್ತೊಮ್ಮೆ ಓದಿಸಿ. ಸಮಿತಿಯಲ್ಲಿ ಇರುವವರು ನಿಮ್ಮ ಮನೆಯವರೇ ಆದರೂ ಕೇಳಬೇಕಾದ್ದನ್ನು ಎದ್ದು ನಿಂತು ಕೇಳಿ. ಕೂಗುವುದಕ್ಕೆ ಮಾತ್ರವಲ್ಲ, ಕೇಳುವುದಕ್ಕೂ ಹಕ್ಕಿದ್ದಾಗಲೇ ಅದು ನಿಮ್ಮ ತಂಡ.